ಡಿಶ್ಶೋ ಕೇಬಲ್ಲೋ? ಮೊದಲು ಸಿಗ್ನಲ್ ಬರುವ ದಾರಿ ನೋಡಿ

ಮನೆಗೆ ಹೊಸ ಟಿವಿ ಬಂದ ಕೂಡಲೇ ಚರ್ಚೆ ಶುರುವಾಗುತ್ತದೆ. ಡಿಶ್ ಹಾಕಿಸೋಣವೋ, ಕೇಬಲ್ ತಗೊಳ್ಳೋಣವೋ? ಹೆಚ್ಚಿನವರು ಚಾನೆಲ್ ಪಟ್ಟಿ ಹಿಡಿದು ಕೂರುತ್ತಾರೆ. ನನ್ನ ಕೇಳಿದರೆ ಆ ಪಟ್ಟಿ ಆಮೇಲೆ ಇರಲಿ. ಮೊದಲು ಮಹಡಿ ಹತ್ತಿ ಆಕಾಶ ನೋಡಿ. ಆಮೇಲೆ ಕೆಳಗಿಳಿದು ಬೀದಿಯಿಂದ ಮನೆಗೆ ಬರುವ ವೈರ್ ನೋಡಿ. ಎರಡರಲ್ಲೂ ಬರುವ ಸರಕು ಒಂದೇ: ಒತ್ತಿ ಚಿಕ್ಕದು ಮಾಡಿದ 0 ಮತ್ತು 1ರ ಸಾಲು. ಬೇರೆಯಾಗಿರುವುದು ಅದು ಬರುವ ದಾರಿ ಮಾತ್ರ. ಮುಂದೆ ಟಿವಿ ಕೈಕೊಟ್ಟರೆ, ಸಾಮಾನ್ಯವಾಗಿ ಕೈಕೊಡುವುದು ಆ ದಾರಿಯೇ.

ಆಕಾಶದ ದಾರಿ ಎಷ್ಟು ಉದ್ದ ಗೊತ್ತಾ? ಭೂಮಧ್ಯರೇಖೆಯ ಮೇಲೆ, ನೆಲದಿಂದ 35,786 ಕಿಲೋಮೀಟರ್ ಎತ್ತರ. ಅಲ್ಲಿರುವ ಉಪಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಭೂಮಿಯೂ ಒಂದು ಸಲ ತಿರುಗಿರುತ್ತದೆ. ಹಾಗಾಗಿ ಅದು ನಮಗೆ ಒಂದೇ ಜಾಗದಲ್ಲಿ ನಿಂತಂತೆ. ಅಂಥ ಮೂರು ಉಪಗ್ರಹ ಇದ್ದರೆ ಜಗತ್ತಿಗೆಲ್ಲ ಪ್ರಸಾರ ಮಾಡಬಹುದು ಅಂತ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಚಿತ್ರಗಳು ಸಿಂಕಾಮ್ 3 ಉಪಗ್ರಹದ ಮೂಲಕ ಪೆಸಿಫಿಕ್ ಸಾಗರ ದಾಟಿದವು.

ಅಷ್ಟು ದೂರದಿಂದ ಇಳಿದು ಬರುವ ಸಿಗ್ನಲ್ಲಿನಲ್ಲಿ 60 ಸೆಂಟಿಮೀಟರ್ ಡಿಶ್‌ಗೆ ಸಿಗುವುದು ಎಷ್ಟು? ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು. ಅಷ್ಟರಿಂದಲೇ ಇಡೀ ಆಟದ ಮೈದಾನ, ಆಟಗಾರನ ಬೆವರು ಎಲ್ಲ ನಮ್ಮ ಪರದೆ ಮೇಲೆ ಮೂಡುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಬೆರಗಾಗುತ್ತದೆ.

ಹೀಗಿರುವಾಗ ದಾರಿಯಲ್ಲಿ ಸಣ್ಣ ಅಡ್ಡಿ ಬಂದರೂ ಸಾಕು, ಲೆಕ್ಕ ತಪ್ಪುತ್ತದೆ. ಮನೆಯ ಡಿಶ್‌ಗೆ ಬರುವ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿ ಒಂದೊಂದೂ ಕೆಲವು ಮಿಲಿಮೀಟರ್. ಜೋರು ಮಳೆಯಲ್ಲಿ ಹನಿಗಳು ಈ ತರಂಗವನ್ನು ಹೀರಿಕೊಳ್ಳುತ್ತವೆ, ಅತ್ತಿತ್ತ ಚದುರಿಸುತ್ತವೆ. ಜಿಟಿಜಿಟಿ ಮಳೆಗೆ ಏನೂ ಆಗುವುದಿಲ್ಲ. ಕಪ್ಪು ಮೋಡ ಬಂದು ಒಂದೇ ಸಮ ಸುರಿದಾಗ ಚಿತ್ರ ಹೋಗುತ್ತದೆ, ಮಳೆಯ ಬಿರುಸು ತಗ್ಗಿದಾಗ ತಾನಾಗಿ ಬರುತ್ತದೆ. ಆಗ ಸುಮ್ನೆ ಏಣಿ ಹತ್ತಿ ಡಿಶ್ ತಿರುಗಿಸಬೇಡಿ. ಆ ಡಿಶ್‌ನ ನೋಟ ಮೂರೇ ಡಿಗ್ರಿ ಅಗಲ. ಒಂದೂವರೆ ಡಿಗ್ರಿ ಅತ್ತ ಸರಿದರೂ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ.

ಕೇಬಲ್‌ಗೆ ಮಳೆಯ ಕಾಟವೇ ಇಲ್ವಾ ಅಂತ ಕೇಳಬಹುದು. ಅಲ್ಲೂ ಎಷ್ಟೋ ಚಾನೆಲ್‌ಗಳು ಉಪಗ್ರಹದಿಂದಲೇ ಬರುತ್ತವೆ. ಆದರೆ ಅವನ್ನು ಹಿಡಿಯುವುದು ಕೇಬಲ್‌ನವರ ಹೆಡ್‌ಎಂಡ್‌ನಲ್ಲಿ, ಅಂದರೆ ಚಾನೆಲ್‌ಗಳನ್ನೆಲ್ಲ ಹಿಡಿದು ವೈರಿಗೆ ಬಿಡುವ ಕೇಂದ್ರದಲ್ಲಿ, ನಿಲ್ಲಿಸಿದ, ಕೆಲವು ಮೀಟರ್ ಅಗಲದ ದೊಡ್ಡ ಡಿಶ್‌ಗಳು. ಅವುಗಳಲ್ಲಿ ಬಹಳಷ್ಟು ಹಿಡಿಯುವ ತರಂಗವೂ ಉದ್ದ, ಏಳೆಂಟು ಸೆಂಟಿಮೀಟರ್. ಮಳೆಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಮನೆ ಡಿಶ್ ಕೈಬಿಟ್ಟ ಹೊತ್ತಲ್ಲಿ ಪಕ್ಕದ ಮನೆಯ ಕೇಬಲ್ ಓಡುತ್ತಿರುವ ಗುಟ್ಟು ಇದು.

ಡಿಶ್ ಬಗ್ಗೆ ಇನ್ನೊಂದು ಮಾತು. ಅದು ಎದುರಿನ ಗೋಡೆ ಕಡೆ ಮುಖ ಮಾಡಿದಂತೆ ಕಾಣುತ್ತದೆ, ಅಲ್ವಾ? ನಿಜಕ್ಕೂ ಅದು ನೋಡುತ್ತಿರುವುದು ಮೇಲಕ್ಕೆ. ಮನೆ ಡಿಶ್‌ಗಳ ಎಲ್‌ಎನ್‌ಬಿ, ಅಂದರೆ ಡಿಶ್ ಒಟ್ಟುಗೂಡಿಸಿದ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ, ಮುಂದಿನ ಕಡ್ಡಿಯ ತುದಿಯಲ್ಲಿ, ನಡುವಿಗಿಂತ ಕೆಳಗೆ ಕೂತಿರುತ್ತದೆ, ಬರುವ ಸಿಗ್ನಲ್‌ಗೆ ತಾನೇ ಅಡ್ಡ ಬರಬಾರದು ಅಂತ. ಅದಕ್ಕೇ ಡಿಶ್‌ನ ಮುಖಕ್ಕಿಂತ ಅದರ ನೋಟ ಸುಮಾರು 25 ಡಿಗ್ರಿ ಮೇಲಿರುತ್ತದೆ. ಎದುರಿನ ಗೋಡೆ ಅಡ್ಡ ಅಂದುಕೊಂಡದ್ದು ಅಡ್ಡವಾಗಿರದೇ ಇರಬಹುದು. ಲೆಕ್ಕಕ್ಕೇ ತೆಗೆದುಕೊಳ್ಳದ ಮೇಲಿನ ಕೊಂಬೆ ಅಡ್ಡವಾಗಿರಬಹುದು. ಎಲೆಯ ತುಂಬ ನೀರಿರುತ್ತದೆ, ಅದು ಸಿಗ್ನಲ್ ಬಿಡುವುದಿಲ್ಲ. ಎಲೆ ಉದುರಿದ ಕಾಲದಲ್ಲಿ ಕೂರಿಸಿದ ಡಿಶ್, ಮರ ಚಿಗುರಿದಾಗ ಕುರುಡಾಗುತ್ತದೆ.

ಈಗ ಕೆಳಗಿನ ದಾರಿ. ವೈರಿನಲ್ಲಿ ಸಿಗ್ನಲ್ ಬಹಳ ಬೇಗ ಸೊರಗುತ್ತದೆ. ಮನೆಗೆ ಎಳೆಯುವ ಮಾಮೂಲಿ ಕೇಬಲ್ಲಿನಲ್ಲಿ ಒಂದು ಗಿಗಾಹರ್ಟ್ಸ್ ಸಿಗ್ನಲ್ 100 ಮೀಟರ್ ಹೋಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಅದಕ್ಕೇ ಬೀದಿಯಲ್ಲಿ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್ ಇಡುತ್ತಾರೆ. ಆಂಪ್ಲಿಫೈಯರ್‌ಗೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಕರೆಂಟ್ ಇದ್ದರೂ ಅದಕ್ಕೆ ಬರುವ ಕರೆಂಟ್ ಹೋದರೆ ಟಿವಿ ಕಪ್ಪು. ಜೊತೆಗೆ ಅದು ಸಿಗ್ನಲ್ಲನ್ನು ಮಾತ್ರ ಅಲ್ಲ, ಒಳಗೆ ಸೇರಿದ ಗದ್ದಲವನ್ನೂ, ಅಂದರೆ ಸಿಗ್ನಲ್ಲನ್ನು ಕೆಡಿಸುವ ಬೇಡದ ಅಲೆಗಳನ್ನೂ, ಹಿಗ್ಗಿಸುತ್ತದೆ. ಅಂಥವು ಸಾಲಾಗಿ ಬಂದಷ್ಟೂ ಕೊನೆಯ ಮನೆಗೆ ತೊಂದರೆ ಜಾಸ್ತಿ. ಫೈಬರ್, ಅಂದರೆ ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ಗಾಜಿನ ಎಳೆ, ನಿಮ್ಮ ಬೀದಿವರೆಗೆ ಬಂದಿದ್ದರೆ ಈ ಚಿಂತೆ ಬಹುಪಾಲು ಮುಗಿಯಿತು. ಹಾಗಿದ್ದಲ್ಲಿ ನಾನು ಎರಡನೇ ಮಾತಿಲ್ಲದೆ ಕೇಬಲ್ ಕಡೆ. ಅದೇ ವೈರಿನಲ್ಲಿ ಇಂಟರ್ನೆಟ್ಟೂ ಬರಬಹುದು, ಏಕೆಂದರೆ ಅದು ಎರಡೂ ದಿಕ್ಕಿಗೆ ಹರಿಯುವ ದಾರಿ. ಟಿವಿಯ ಡಿಶ್‌ಗೆ ಕೇಳಿಸಿಕೊಳ್ಳುವುದಷ್ಟೇ ಗೊತ್ತು.

ವೈರಿನ ಬಲ ಇನ್ನೊಂದಿದೆ, ಅದೇ ಅದರ ನೋವೂ ಹೌದು. ಉಪಗ್ರಹ ಸಾಮಾನ್ಯವಾಗಿ ಒಂದು ಸಲಕ್ಕೆ 4 ಅಥವಾ 8 ಗುರುತುಗಳಲ್ಲಿ ಒಂದನ್ನು ಕಳಿಸುತ್ತದೆ, ಅಂದರೆ 2 ಅಥವಾ 3 ಬಿಟ್ (ಒಂದೊಂದು 0 ಅಥವಾ 1 ಒಂದು ಬಿಟ್). ದೂರದಿಂದ ಕೂಗುವಾಗ ಬಿಡಿಸಿ ಬಿಡಿಸಿ ಹೇಳಬೇಕಲ್ಲ, ಹಾಗೆ. ಕೇಬಲ್ 64 ಅಥವಾ 256 ಗುರುತು ಬಳಸಿ ಒಂದೇ ಸಲಕ್ಕೆ 6 ಅಥವಾ 8 ಬಿಟ್ ಸಾಗಿಸುತ್ತದೆ. ಗುರುತುಗಳು ಇಷ್ಟು ಒತ್ತೊತ್ತಾಗಿದ್ದರೆ, ಸ್ವಲ್ಪ ಗದ್ದಲ ಸೇರಿದರೂ ಒಂದು ಇನ್ನೊಂದರಂತೆ ಕಾಣುತ್ತದೆ.

ಇದು ನನಗೆ ಅರ್ಥವಾದದ್ದು ಒಂದು ಕನೆಕ್ಟರ್‌ನಿಂದ. ನಮ್ಮ ಮನೆಯಲ್ಲಿ ಕೆಲವೇ ಚಾನೆಲ್‌ಗಳು, ಅದೂ ಮಧ್ಯಾಹ್ನದ ಬಿಸಿಲಲ್ಲಿ, ಚೌಕ ಚೌಕವಾಗಿ ಒಡೆಯುತ್ತಿದ್ದವು. ರಾತ್ರಿ ಸರಿ. ಬಾಕ್ಸ್ ಬದಲಾಯಿಸಿದ್ದಾಯಿತು, ಟಿವಿಯ ಮೇಲೂ ಅನುಮಾನ ಬಂತು. ಕೊನೆಗೆ ಹೊರಗೋಡೆಯಲ್ಲಿ ವೈರನ್ನು ಕವಲು ಮಾಡುವ ಸ್ಪ್ಲಿಟರ್ ಬಿಚ್ಚಿ ನೋಡಿದೆ. ವೈರಿನ ನಡುವಿನ ತಾಮ್ರ ಹಸಿರುಗಟ್ಟಿತ್ತು, ಸುತ್ತಲಿನ ಜಾಲರಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಎರಡು ಇಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಅಷ್ಟೇ, ಎಲ್ಲ ಸರಿಹೋಯಿತು. ಬಳಸದ ಕೋಣೆಗೆ ಹೋಗುತ್ತಿದ್ದ ಸ್ಪ್ಲಿಟರನ್ನೂ ತೆಗೆದೆ. ಎರಡು ದಾರಿಯ ಸ್ಪ್ಲಿಟರ್ ಸಿಗ್ನಲ್ಲನ್ನು ಅರ್ಧರ್ಧ ಮಾಡುತ್ತದೆ, ಆ ಕಡೆ ಟಿವಿ ಇರಲಿ, ಇಲ್ಲದಿರಲಿ.

ಹಳೆಯ ಕಾಲದಲ್ಲಿ ಸಿಗ್ನಲ್ ಸೊರಗಿದರೆ ಪರದೆ ಮೇಲೆ ಚುಕ್ಕೆ ಚುಕ್ಕೆ ಬಂದು ಮೊದಲೇ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. ತಪ್ಪು ತಿದ್ದಲೆಂದೇ ಒಂದಷ್ಟು ಹೆಚ್ಚುವರಿ ಬಿಟ್ ಕಳಿಸಿರುತ್ತಾರೆ, ಬಾಕ್ಸ್ ತಿದ್ದುತ್ತಲೇ ಇರುತ್ತದೆ, ಚಿತ್ರ ಚೆನ್ನಾಗೇ ಇರುತ್ತದೆ. ತಿದ್ದಲಾಗದ ಗಡಿ ದಾಟಿದ ಕ್ಷಣ ಒಮ್ಮೆಲೇ ಎಲ್ಲ ಹೋಗುತ್ತದೆ. ಹಾಗಾಗಿ ಯಾವುದೇ ತಗೊಳ್ಳಿ, ಅದನ್ನು ಹಾಕಲು ಬಂದವರು ಹೊರಡುವ ಮುಂಚೆ ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಗುಣಮಟ್ಟದ ಪಟ್ಟಿ ತೆರೆಸಿ ನೋಡಿ. ಬರೀ ಬಲದ ಅಂಕಿ ನೋಡಿ ಸುಮ್ಮನಾಗಬೇಡಿ. ಬಲ ಆಂಪ್ಲಿಫೈಯರ್‌ನಿಂದ ಏರುತ್ತದೆ, ಗುಣಮಟ್ಟ ಏರುವುದಿಲ್ಲ.

ಎರಡು ಮೂರು ಟಿವಿ ಇರುವ ಮನೆಗೆ ಕೇಬಲ್ ಸಲೀಸು. ಡಿಶ್‌ನಲ್ಲಿ ಬಾಕ್ಸೇ ವೈರಿನ ಮೂಲಕ ಎಲ್‌ಎನ್‌ಬಿಗೆ ಅಪ್ಪಣೆ ಕೊಡುತ್ತದೆ. ಸಾಮಾನ್ಯ ಏರ್ಪಾಟಿನಲ್ಲಿ 13 ವೋಲ್ಟ್ ಕಳಿಸಿದರೆ ಲಂಬವಾಗಿ ಕಂಪಿಸುವ ತರಂಗ, 18 ವೋಲ್ಟ್ ಕಳಿಸಿದರೆ ಅಡ್ಡಲಾಗಿ ಕಂಪಿಸುವುದು. ಎರಡು ಬಾಕ್ಸ್ ಒಂದೇ ವೈರಿನಲ್ಲಿ ಎರಡು ಬೇರೆ ಅಪ್ಪಣೆ ಕೊಟ್ಟರೆ ಎಲ್‌ಎನ್‌ಬಿ ಯಾರ ಮಾತು ಕೇಳಬೇಕು? ಅದಕ್ಕೇ ಒಂದೊಂದು ಬಾಕ್ಸ್‌ಗೂ ಬೇರೆ ವೈರ್ ಎಳೆಯಬೇಕಾಗುತ್ತದೆ.

ಡಿಶ್ ಕಡೆಗೇ ಮನಸ್ಸಿದ್ದರೆ, ಜಾಗ ಹುಡುಕಲು ಸೂರ್ಯನೇ ನೆರವಾಗುತ್ತಾನೆ. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮವಾಗುವ ಕಾಲದ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ಅವನು ಸೂಸುವ ರೇಡಿಯೋ ಗದ್ದಲದಲ್ಲಿ ಸಿಗ್ನಲ್ ಮುಳುಗಿ, ಕೆಲವು ದಿನ, ದಿನಕ್ಕೆ ಕೆಲವು ನಿಮಿಷ ಚಿತ್ರ ಕೆಡುತ್ತದೆ. ಆ ಹೊತ್ತು ಮೊದಲೇ ಲೆಕ್ಕ ಹಾಕಿ ಹೇಳಬಹುದು. ಸರಿಯಾಗಿ ಆ ನಿಮಿಷಕ್ಕೆ ಮಹಡಿ ಹತ್ತಿ. ಸೂರ್ಯ ನಿಂತಿರುವ ಜಾಗವೇ ನಿಮ್ಮ ಉಪಗ್ರಹದ ಜಾಗ. ನೆಲದ ಮೇಲೆ ಎಲೆಯ ನೆರಳೋ ಗೋಡೆಯ ನೆರಳೋ ಬಿದ್ದಿದ್ದರೆ ಅಲ್ಲಿ ಡಿಶ್ ಬೇಡ. ಎಲ್ಲೆಲ್ಲೂ ನೆರಳೇ ಆದರೆ ಕೇಬಲ್‌ನವರನ್ನು ಕರೆಯಿರಿ. ಪೂರ್ತಿ ಬಿಸಿಲು ಬಿದ್ದ ಜಾಗ ಸಿಕ್ಕಿತಾ? ಸೀಮೆಸುಣ್ಣದಲ್ಲಿ ಅಲ್ಲೊಂದು ಗುರುತು ಹಾಕಿ. ಡಿಶ್ ನಿಲ್ಲಬೇಕಾದ್ದು ಅಲ್ಲೇ.