ಸಿಎನಾ, ಎಂಬಿಎನಾ? ಕಾರ್ಪೊರೇಟ್ ಫೈನಾನ್ಸ್‌ಗೆ ಹೊರಟ ಕೊಡಗಿನ ಗೆಳೆಯರಿಗೆ

ಬಿ.ಕಾಂ. ಕೊನೆಯ ವರ್ಷಕ್ಕೆ ಬಂದವರೆಲ್ಲ ಕೇಳುವುದು ಇದೊಂದೇ: ಮುಂದೆ ಸಿಎ ಮಾಡಬೇಕಾ, ಎಂಬಿಎ ಮಾಡಬೇಕಾ? ಮೊದಲು ಕಾರ್ಪೊರೇಟ್ ಫೈನಾನ್ಸ್ ಕೆಲಸ ಏನು ಅಂತ ನೋಡೋಣ.

ಕಂಪನಿಯ ಹಣ ಎಲ್ಲಿ ಹಾಕಬೇಕು? ಅದನ್ನು ಸಾಲವಾಗಿ ತರಬೇಕೋ, ಮಾಲೀಕರ ಬಂಡವಾಳವಾಗಿ ತರಬೇಕೋ? ದಿನದ ಖರ್ಚಿಗೆ ಕೈಯಲ್ಲಿ ಎಷ್ಟು ಇರಬೇಕು? ಕಾರ್ಪೊರೇಟ್ ಫೈನಾನ್ಸ್ ಮುಖ್ಯವಾಗಿ ಈ ಮೂರು ಪ್ರಶ್ನೆಗಳ ಕೆಲಸ. ತೋಟದ ಮನೆಯವರಿಗೆ ಇದು ಹೊಸದಲ್ಲ. ರೋಬಸ್ಟಾ ಕೊಯ್ಲು ವರ್ಷಕ್ಕೊಂದೇ ಸಲ, ಆದರೆ ಬಟವಾಡೆ ವಾರ ವಾರ. ಗೊಬ್ಬರ, ಕಪಾತಿಗೆ ಹಣ ಬೇಕು, ಬೆಳೆ ಮಾರಿದ ಹಣ ಇನ್ನೂ ದೂರ. ಈ ನಡುವಿನ ಕೊರತೆ ತುಂಬುವ ಹಣಕ್ಕೆ ಪುಸ್ತಕದಲ್ಲಿ ವರ್ಕಿಂಗ್ ಕ್ಯಾಪಿಟಲ್ ಅನ್ನುತ್ತಾರೆ.

ಹಳೇ ಗಿಡ ಕಿತ್ತು ಹೊಸದು ನೆಟ್ಟರೆ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ನಾಲ್ಕು ವರ್ಷದ ನಂತರ ಬರುವ 1 ಲಕ್ಷ ರೂಪಾಯಿಗೆ ಇವತ್ತಿನ ಬೆಲೆ ಎಷ್ಟು? ವರ್ಷಕ್ಕೆ ಶೇ. 10ರ ಬಡ್ಡಿ ದರದಲ್ಲಿ ಸುಮಾರು 68,300 ರೂಪಾಯಿ. 1 ಲಕ್ಷವನ್ನು 1.1ರಿಂದ ನಾಲ್ಕು ಸಲ ಭಾಗಿಸಿ ನೋಡಿ. ಈ ಲೆಕ್ಕ ಕೈಗೆ ಹತ್ತಿದರೆ ಕ್ಯಾಪಿಟಲ್ ಬಜೆಟಿಂಗ್ (ದೀರ್ಘ ಕಾಲದ ಹೂಡಿಕೆ ಲಾಭವೋ ಅಂತ ಅಳೆಯುವುದು) ಪಾಠದ ಅರ್ಧ ಮುಗಿದಂತೆ.

ಈಗ ಡಿಗ್ರಿ ವಿಷಯ. ನನ್ನ ಆಯ್ಕೆ ಸಿಎ. ವಾಣಿಜ್ಯ ಪದವಿಯಲ್ಲಿ ಶೇ. 55 ಅಂಕ ಇದ್ದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬೇರೆ ಪದವಿಯವರಿಗೆ ಶೇ. 60 ಬೇಕು. ಮೊದಲು ಮೂರು ವರ್ಷ ಇದ್ದ ಆರ್ಟಿಕಲ್‌ಶಿಪ್ (ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವ ಅವಧಿ) 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷವಾಗಿದೆ. ವೆಚ್ಚದ ಲೆಕ್ಕ ಇಷ್ಟ ಇದ್ದವರಿಗೆ ಸಿಎಂಎ (ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್) ಕೋರ್ಸು ಒಳ್ಳೆಯದು, ಕಾರ್ಖಾನೆಗಳಲ್ಲಿ ಅದಕ್ಕೆ ಬೆಲೆ ಇದೆ. ಸಿಎಫ್‌ಎ (ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್) ಕೋರ್ಸಿಗೆ ಮೂರು ಹಂತ. ಅದು ಷೇರು, ಬಾಂಡ್, ಹೂಡಿಕೆ ಕಡೆ ಜಾಸ್ತಿ ವಾಲುತ್ತದೆ, ಹಾಗಾಗಿ ಮೊದಲ ಮೆಟ್ಟಿಲಿಗೆ ಬೇಡ. ಎಂಬಿಎಯನ್ನು ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ ಮಾಡಿ, ಅದೂ ಒಳ್ಳೆಯ ಕಾಲೇಜು ಸಿಕ್ಕಿದರೆ ಮಾತ್ರ. ಫೀಸು, ಎಂಬಿಎ ಓದುವ ಎರಡು ವರ್ಷ ಬಿಟ್ಟ ಸಂಬಳ, ಸಾಲದ ಬಡ್ಡಿ ಒಂದು ಕಡೆ ಬರೆಯಿರಿ. ಜಾಸ್ತಿ ಸಿಗಬಹುದಾದ ಸಂಬಳ ಇನ್ನೊಂದು ಕಡೆ. ಮೇಲಿನ ಗಿಡದ ಲೆಕ್ಕವನ್ನೇ ಇಲ್ಲೂ ಹಾಕಿ.

ಡಿಗ್ರಿಗಿಂತ ಮೊದಲ ಅನುಭವದ ಬಗ್ಗೆ ಹೆಚ್ಚು ಯೋಚಿಸಿ ಅನ್ನುತ್ತೇನೆ. ದೊಡ್ಡ ಹೆಸರಿನ ಕಚೇರಿಯಲ್ಲಿ ಒಂದೇ ಬಗೆಯ ವೋಚರ್ ಪರಿಶೀಲಿಸುತ್ತಾ ವರ್ಷ ಕಳೆದುಹೋಗಬಹುದು. ರಜೆಯಲ್ಲಿ ನಾನು ಮಡಿಕೇರಿಯ ಒಂದು ಸಣ್ಣ ಆಡಿಟರ್ ಕಚೇರಿಗೆ ಹೋಗುತ್ತಿದ್ದೆ. ಅಲ್ಲಿ ಕಾಫಿ ವ್ಯಾಪಾರಿಯೊಬ್ಬರ ಬ್ಯಾಂಕ್ ಸಾಲದ ಫೈಲ್ ಕೈಗೆ ಬಂತು. ಅಂಥದೇ ಒಂದು ಲೆಕ್ಕ ಇಲ್ಲಿದೆ. ಗೋದಾಮಿನಲ್ಲಿ 40 ಲಕ್ಷದ ಕಾಫಿ ಇದೆ. ಅದರಲ್ಲಿ 10 ಲಕ್ಷ ಬೆಳೆಗಾರರಿಗೆ ಇನ್ನೂ ಕೊಟ್ಟಿಲ್ಲ. ಉಳಿದ 30 ಲಕ್ಷದಲ್ಲಿ ಬ್ಯಾಂಕ್ ಶೇ. 25 ಮಾರ್ಜಿನ್ (ವ್ಯಾಪಾರಿಯೇ ಹಾಕಬೇಕಾದ ಪಾಲು) ಕಳೆದರೆ ಡ್ರಾಯಿಂಗ್ ಪವರ್, ಅಂದರೆ ಸಾಲವಾಗಿ ತೆಗೆಯಬಹುದಾದ ಮಿತಿ, 22.5 ಲಕ್ಷ. ಕಾಫಿ ಬೆಲೆ ಇಳಿದರೆ ಗೋದಾಮಿನ ಚೀಲ ಅಷ್ಟೇ ಇರುತ್ತದೆ, ಸಾಲದ ಮಿತಿ ಮಾತ್ರ ಕುಗ್ಗುತ್ತದೆ. ಇದನ್ನು ತರಗತಿಯಲ್ಲಿ ಎಷ್ಟು ಸಲ ಓದಿದ್ದರೂ ನನಗೆ ಅರ್ಥವಾಗಿರಲಿಲ್ಲ.

ಆರ್ಟಿಕಲ್‌ಶಿಪ್ ಹುಡುಕುವಾಗ ನೇರವಾಗಿ ಕೇಳಿ: ‘ಸರ್, ಸಾಲದ ಪ್ರಾಜೆಕ್ಟ್ ರಿಪೋರ್ಟ್ ನನ್ನ ಕೈಲಿ ಮಾಡಿಸ್ತೀರಾ?’ ಆರ್ಟಿಕಲ್‌ಶಿಪ್‌ನ ಕೊನೆಯ ವರ್ಷದಲ್ಲಿ ಕಂಪನಿಯೊಳಗೇ ಇಂಡಸ್ಟ್ರಿಯಲ್ ಟ್ರೈನಿಂಗ್‌ಗೆ ಅವಕಾಶ ಇದೆ, ಅದಕ್ಕೆ ಬೆಂಗಳೂರಿಗೆ ಹೋಗಿ.

ಅಲ್ಲಿಯವರೆಗೆ ಅಭ್ಯಾಸಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಇದೆ. ಪೊಲಿಬೆಟ್ಟದ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಏಟ್ ಓ ಕ್ಲಾಕ್ ಕಾಫಿಯನ್ನು 22 ಕೋಟಿ ಡಾಲರಿಗೆ ಕೊಂಡಿತು. 2024ರ ಜನವರಿಯಲ್ಲಿ ಟಾಟಾ ಕಾಫಿ ತಾನೇ ಟಾಟಾ ಕನ್ಸ್ಯೂಮರ್ ಕಂಪನಿಯ ಜೊತೆ ವಿಲೀನವಾಯಿತು. 2006ರ ಆಸುಪಾಸಿನ ಟಾಟಾ ಕಾಫಿ ವಾರ್ಷಿಕ ವರದಿ ಹುಡುಕಿ, ಖರೀದಿಗೆ ಮೊದಲಿನ ಮತ್ತು ನಂತರದ ಸಾಲವನ್ನು ಎಕ್ಸೆಲ್‌ನಲ್ಲಿ ಪಕ್ಕಪಕ್ಕ ಇಡಿ. ಲಾಭದಲ್ಲಿ ಬಡ್ಡಿಗೇ ಎಷ್ಟು ಹೋಯಿತು ಅಂತ ವರ್ಷ ವರ್ಷ ಬರೆಯಿರಿ. ನಾಲ್ಕು ಜನ ಸೇರಿದರೆ ಎರಡು ಭಾನುವಾರದ ಕೆಲಸ.