ಪಿಎಸ್ 5ಗೆ ಯಾವ ಎಸ್‌ಎಸ್‌ಡಿ? 7000ದ ಹಿಂದೆ ಓಡಬೇಡಿ

ಪ್ರಶ್ನೆ: "ಸರ್, ಮಗನ ಗೇಮ್ ಕನ್ಸೋಲ್ ಪಿಎಸ್ 5ರಲ್ಲಿ ಜಾಗ ಮುಗಿದಿದೆ. ಹೊಸ ಗೇಮ್ ಹಾಕಬೇಕಾದರೆ ಹಳೆಯದೊಂದನ್ನು ಅಳಿಸಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 7000 ಸ್ಪೀಡಿನದು ಹಾಕಿದರೆ ಗೇಮ್ ಇನ್ನೂ ಬೇಗ ಓಪನ್ ಆಗುತ್ತದಂತೆ, ನಿಜವಾ? ಯಾವ ಎಸ್‌ಎಸ್‌ಡಿ ತಗೊಳ್ಳಲಿ?"

ಇದು ಡೊಂಬಿವಿಲಿಯಿಂದ ಬಂದ ಪತ್ರ. ಮುಲುಂಡ್‌ನಿಂದ, ಪುಣೆಯ ಪಿಂಪ್ರಿಯಿಂದ, ಗೋವಾದ ವಾಸ್ಕೋದಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಸಾಲು ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೊರಡಿ.

ಅವಸರ ಇರುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಎಸ್‌ಎಸ್‌ಡಿ ಎಂದರೆ ಗೇಮ್ ಉಳಿಸಿಡುವ ಚಿಪ್ ಡ್ರೈವ್. ಅದರಲ್ಲಿ ಎಂ.2 ಆಕಾರದ, ಎನ್‌ವಿಎಂಇ ಎಂಬ ವೇಗದ ಬಗೆಯದು ಬೇಕು. ಪಿಸಿಐಇ (ಡೇಟಾ ಹಾಯುವ ದಾರಿ) ಜೆನ್ 4, ಅಂದರೆ ನಾಲ್ಕನೆಯ ಪೀಳಿಗೆಯದು ಆಗಿರಬೇಕು. ಅಳತೆ 2280 (22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ) ಇದ್ದರೆ ಸಲೀಸು. ಡಬ್ಬದ ಮೇಲೆ ಓದುವ ವೇಗ ಸೆಕೆಂಡಿಗೆ 5500 ಎಂಬಿ ಅಥವಾ ಸ್ವಲ್ಪ ಮೇಲೆ ಇರಲಿ. ಬಿಸಿ ಹೊರಗೆ ಹಾಕುವ ಲೋಹದ ಪಟ್ಟಿ, ಅಂದರೆ ಹೀಟ್‌ಸಿಂಕ್, ಇರಲೇಬೇಕು. 7000ಕ್ಕೆ ಎಂದು ಜಾಸ್ತಿ ದುಡ್ಡು ಕೊಡಬೇಡಿ. ಆ ದುಡ್ಡಿನಲ್ಲಿ 1 ಟಿಬಿ ಬದಲು 2 ಟಿಬಿ ಸಿಗುವ ಹಾಗಿದ್ದರೆ ಅದನ್ನೇ ತನ್ನಿ.

ಈ ಕೊನೆಯ ಮಾತನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. "ಅಲ್ಲ ಸರ್, 7000 ಎಂದರೆ 5500ಕ್ಕಿಂತ ಫಾಸ್ಟ್ ತಾನೇ?" ಎಂದು ಮತ್ತೆ ಕೇಳುತ್ತಾರೆ. ಡ್ರೈವ್ ಫಾಸ್ಟ್, ನಿಜ. ನಿಮ್ಮ ಗೇಮ್ ಫಾಸ್ಟ್ ಆಗುವುದಿಲ್ಲ. ಇವೆರಡೂ ಬೇರೆ ಬೇರೆ. ಹೇಗೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಪಿಎಸ್ 5ರಲ್ಲಿರುವ ಮೆಮೊರಿ, ಅಂದರೆ ರ್‍ಯಾಮ್, ಒಟ್ಟು 16 ಜಿಬಿ. ಗೇಮ್ ಲೋಡ್ ಆಗುವುದು ಎಂದರೆ ಎಸ್‌ಎಸ್‌ಡಿಯಲ್ಲಿರುವ ಡೇಟಾ ಆ ಮೆಮೊರಿಗೆ ಬಂದು ಕೂರುವುದು. ಗೇಮ್ 100 ಜಿಬಿ ಇರಲಿ, 150 ಜಿಬಿ ಇರಲಿ, ಒಂದು ಸಲಕ್ಕೆ ಮೆಮೊರಿಯಲ್ಲಿ ಹಿಡಿಸುವುದು ಅಷ್ಟೇ. ಈಗ 16 ಜಿಬಿಯನ್ನೂ ಒಂದೇ ಉಸಿರಿಗೆ ತುಂಬಬೇಕು ಅಂದುಕೊಳ್ಳಿ. 5500ರ ಡ್ರೈವ್ ಅದಕ್ಕೆ ಸುಮಾರು 2.9 ಸೆಕೆಂಡು ತೆಗೆದುಕೊಳ್ಳುತ್ತದೆ. 7000ದ ಡ್ರೈವ್ ಸುಮಾರು 2.3 ಸೆಕೆಂಡು. ವ್ಯತ್ಯಾಸ ಒಂದು ಸೆಕೆಂಡಿಗಿಂತ ಕಡಿಮೆ. ಇದು ನಾನು ನಿಮ್ಮ 7000ಕ್ಕೆ ಎಷ್ಟು ಅನುಕೂಲ ಮಾಡಿಕೊಡಬಹುದೋ ಅಷ್ಟೂ ಮಾಡಿಕೊಟ್ಟು ಹಾಕಿದ ಲೆಕ್ಕ. ನಿಜದಲ್ಲಿ ಅಷ್ಟು ಮೆಮೊರಿ ಗೇಮ್‌ಗೆ ಸಿಗುವುದೇ ಇಲ್ಲ. ಸ್ವಲ್ಪ ಭಾಗವನ್ನು ಕನ್ಸೋಲ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ. ಮೇಲಾಗಿ ಡೇಟಾ ಡ್ರೈವ್‌ನಲ್ಲಿ ಕುಗ್ಗಿಸಿದ ರೂಪದಲ್ಲಿ ಇರುತ್ತದೆ. ಓದಬೇಕಾದ ಗಾತ್ರ ಇನ್ನೂ ಚಿಕ್ಕದು. ಅದನ್ನು ಬಿಡಿಸಿ ಹರಡುವ ಕೆಲಸಕ್ಕೆ ಸೋನಿಯವರು ಚಿಪ್‌ನಲ್ಲೇ ಬೇರೆ ಯಂತ್ರ ಇಟ್ಟಿದ್ದಾರೆ. ಡ್ರೈವ್‌ನಿಂದ 5.5 ಜಿಬಿ ಬಂದರೆ ಬಿಡಿಸಿದ ಮೇಲೆ ಸಾಮಾನ್ಯವಾಗಿ 8ರಿಂದ 9 ಜಿಬಿ ಆಗುತ್ತದೆ ಎಂಬುದು ಅವರದೇ ಲೆಕ್ಕ.

ಹಾಗಾದರೆ ಕೆಲವು ಗೇಮ್ ಶುರುವಾಗಲು ಅಷ್ಟು ಹೊತ್ತು ಯಾಕೆ? ಒಂದಿಷ್ಟು ಹೊತ್ತು ಕಂಪನಿಗಳ ಲೋಗೋ ತೋರಿಸುವುದರಲ್ಲಿ ಹೋಗುತ್ತದೆ. ಒಂದಿಷ್ಟು ಸರ್ವರ್‌ಗೆ ಲಾಗಿನ್ ಆಗುವುದರಲ್ಲಿ. ಇನ್ನೊಂದಿಷ್ಟು ಪ್ರೊಸೆಸರ್ ಆ ಡೇಟಾದಿಂದ ಊರು, ಜನ, ಗಾಡಿ ಎಲ್ಲ ಕಟ್ಟಿ ನಿಲ್ಲಿಸುವುದರಲ್ಲಿ. ಇದರಲ್ಲಿ ಯಾವುದಕ್ಕೂ ಎಸ್‌ಎಸ್‌ಡಿಯ ವೇಗಕ್ಕೂ ಸಂಬಂಧ ಇಲ್ಲ. ನೀವು ಫಾಸ್ಟ್ ಲೋಕಲ್ ಹಿಡಿದು ದಾದರ್‌ನಲ್ಲಿ ಎರಡು ನಿಮಿಷ ಮೊದಲೇ ಇಳಿದರೂ ಆಫೀಸಿನ ಲಿಫ್ಟ್ ಮುಂದಿನ ಕ್ಯೂ ಇದ್ದಷ್ಟೇ ಇರುತ್ತದೆ, ಅಲ್ವಾ? ಇದೂ ಹಾಗೆಯೇ.

ಇನ್ನೊಂದು ಕಾರಣ ಇದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಗೇಮ್ ಮಾಡುವವರು ಯಾರಿಗಾಗಿ ಮಾಡುತ್ತಾರೆ? ಎಲ್ಲ ಪಿಎಸ್ 5ಗಳಿಗಾಗಿ. ಬಹಳ ಮನೆಗಳಲ್ಲಿ ಹೆಚ್ಚಿನ ಎಸ್‌ಎಸ್‌ಡಿ ಇರುವುದೇ ಇಲ್ಲ, ಒಳಗೆ ಬಂದದ್ದೇ ಇರುತ್ತದೆ. ಅದರ ವೇಗ 5500. ಹಾಗಾಗಿ ಗೇಮ್ ಅಷ್ಟರಲ್ಲೇ ಸಲೀಸಾಗಿ ನಡೆಯಬೇಕು. ಅದಕ್ಕಿಂತ ಜಾಸ್ತಿ ಬೇಕೇ ಬೇಕು ಎನ್ನುವ ಗೇಮ್ ಮಾಡಿದರೆ ಅದು ಎಷ್ಟೋ ಮನೆಗಳಲ್ಲಿ ನಡೆಯುವುದೇ ಇಲ್ಲ. ಅಂಥ ಗೇಮನ್ನು ಯಾರು ಮಾಡುತ್ತಾರೆ? ಅಷ್ಟೇ ಅಲ್ಲ, ಬಹಳಷ್ಟು ಗೇಮ್ ಎಕ್ಸ್‌ಬಾಕ್ಸ್‌ಗೂ ಬರುತ್ತವೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಒಳಗಿನ ಎಸ್‌ಎಸ್‌ಡಿ ವೇಗ ಸೆಕೆಂಡಿಗೆ 2.4 ಜಿಬಿ. ಅಂದರೆ 5500ರ ಅರ್ಧಕ್ಕೂ ಕಡಿಮೆ. ಅದೇ ಗೇಮ್ ಅಲ್ಲೂ ಚೆನ್ನಾಗಿಯೇ ನಡೆಯುತ್ತದೆ.

"ಆದರೆ ನನ್ನ ಪಿಎಸ್ 5 ತಾನೇ 6500 ಅಂತ ತೋರಿಸಿತು" ಎಂದು ಸ್ಕ್ರೀನ್ ಫೋಟೊ ಕಳಿಸುವವರು ಬಹಳ ಮಂದಿ. ಹೊಸ ಡ್ರೈವ್ ಹಾಕಿ ಫಾರ್ಮ್ಯಾಟ್ ಮಾಡಿದಾಗ ಕನ್ಸೋಲ್ ಒಂದು ಚಿಕ್ಕ ಪರೀಕ್ಷೆ ನಡೆಸಿ ಓದುವ ವೇಗ ತೋರಿಸುತ್ತದೆ. ಡ್ರೈವ್ ಸರಿಯಾಗಿ ಕೂತಿದೆ, ಅಗತ್ಯದಷ್ಟು ವೇಗ ಇದೆ ಎಂದು ತಿಳಿಯಲು ಅದು ಉಪಯೋಗಕ್ಕೆ ಬರುತ್ತದೆ. ಡಬ್ಬದ ಸಂಖ್ಯೆಗೂ ಅದಕ್ಕೂ ತಾಳೆಯಾಗಲಿಲ್ಲ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಡಬ್ಬದ್ದು ಕಂಪ್ಯೂಟರ್‌ನಲ್ಲಿ, ಉದ್ದಕ್ಕೆ ಒಂದೇ ಸಮ ಓದಿಸಿ ಅಳೆದದ್ದು. ಗೇಮ್ ಓದುವುದು ಚೂರುಚೂರಾಗಿ, ಅಲ್ಲೊಂದು ಇಲ್ಲೊಂದು.

ಈಗೀಗ ಜೆನ್ 5 ಡ್ರೈವ್‌ಗಳೂ ಬಂದಿವೆ. ಡಬ್ಬದ ಮೇಲೆ 10,000, 14,000 ಎಂದೆಲ್ಲ ಬರೆದಿರುತ್ತದೆ. ಪಿಎಸ್ 5ರ ಸ್ಲಾಟ್ ಜೆನ್ 4. ಅದರಲ್ಲಿ ಹಾಯುವುದೇ ಹೆಚ್ಚೆಂದರೆ ಸೆಕೆಂಡಿಗೆ 8 ಜಿಬಿಯ ಒಳಗೆ. ಜೆನ್ 5 ಹಾಕಿದರೂ ಜೆನ್ 4ರ ಹಾಗೇ ಓಡುತ್ತದೆ. ಮಿಕ್ಕ ದುಡ್ಡು ಸುಮ್ನೆ ಹೋಯಿತು.

ಕೆಳಗಿನ ಮಿತಿಯನ್ನು ಮಾತ್ರ ಸಡಿಲ ಮಾಡಬೇಡಿ. 5500ಕ್ಕಿಂತ ನಿಧಾನದ ಜೆನ್ 4 ಡ್ರೈವ್‌ಗಳಲ್ಲೂ ಗೇಮ್ ನಡೆದದ್ದನ್ನು ಪರೀಕ್ಷೆ ಮಾಡಿದವರು ತೋರಿಸಿದ್ದಾರೆ. ಆದರೂ ಸೋನಿ ಶಿಫಾರಸು ಮಾಡುವುದು 5500. ಮುಂದೆ ಬರುವ ಗೇಮ್‌ಗಳೂ ಆ ಲೆಕ್ಕದಲ್ಲೇ ಬರುತ್ತವೆ. ನೂರಿನ್ನೂರು ರೂಪಾಯಿಗಾಗಿ ಕೆಳಗೆ ಇಳಿಯಬೇಡಿ.

ಇನ್ನು ಹೊಂದಾಣಿಕೆಯ ವಿಷಯ. ದುಡ್ಡು ನಿಜವಾಗಿ ಮುಳುಗುವುದು ಇಲ್ಲಿ. ಎಂ.2 ಎಂಬುದು ಆಕಾರದ ಹೆಸರು ಅಷ್ಟೇ. ಅದೇ ಆಕಾರದಲ್ಲಿ ಸಾಟಾ ಎಂಬ ಹಳೆಯ, ನಿಧಾನದ ಬಗೆಯ ಎಸ್‌ಎಸ್‌ಡಿಯೂ ಬರುತ್ತದೆ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ಬಹಳಷ್ಟು ಅದೇ. ಪಿಎಸ್ 5ರ ಸ್ಲಾಟ್‌ನಲ್ಲಿ ಅದು ಚೆನ್ನಾಗಿ ಕೂರುತ್ತದೆ, ಸ್ಕ್ರೂ ಕೂಡ ಬೀಳುತ್ತದೆ. ಆದರೆ ಕನ್ಸೋಲ್ ಅದನ್ನು ಗುರುತಿಸುವುದಿಲ್ಲ. ಗುರುತು ಹಿಡಿಯುವುದು ಸುಲಭ. ಪಿನ್ ಇರುವ ತುದಿ ನೋಡಿ. ಅಲ್ಲಿ ಎರಡು ಕಡೆ ಕಚ್ಚು ಇದ್ದರೆ ವಾಪಸ್ ಕೊಟ್ಟುಬಿಡಿ. ಒಂದೇ ಕಚ್ಚು ಇರಬೇಕು. ಇದಕ್ಕೆ ಎಂ ಕೀ ಎನ್ನುತ್ತಾರೆ. ಒಂದೇ ಕಚ್ಚು ಇದ್ದರೂ ಜೆನ್ 3 ಆಗಿರಬಹುದು, ಆದ್ದರಿಂದ ಡಬ್ಬದ ಮೇಲೆ ಜೆನ್ 4 ಎಂದು ಓದಿಯೇ ತಗೊಳ್ಳಿ. ವೇಗ 3500 ಎಂದಿದ್ದರೆ ಅದು ಹೆಚ್ಚಾಗಿ ಜೆನ್ 3. ಸೋನಿಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಗಾತ್ರ 250 ಜಿಬಿಯಿಂದ 8 ಟಿಬಿ ತನಕ ನಡೆಯುತ್ತದೆ. 2023ರ ಸೆಪ್ಟೆಂಬರ್ ಅಪ್‌ಡೇಟ್‌ಗಿಂತ ಮೊದಲು 4 ಟಿಬಿ ಮಿತಿ ಇತ್ತು. ಮೊದಲು ಬಂದ ಪಿಎಸ್ 5ರಲ್ಲಿ 825 ಜಿಬಿ, ಬಳಸಲು ಸಿಗುವುದು ಸುಮಾರು 667. ಅದಕ್ಕೆ 1 ಟಿಬಿ ಸೇರಿಸಿದರೆ ಒಬ್ಬರಿಗೆ ಸಾಕು. ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಆಡುವವರಾದರೆ 2 ಟಿಬಿ ಹಾಕಿ.

ಹೀಟ್‌ಸಿಂಕ್ ಬಗ್ಗೆ ಒಂದು ಮಾತು. ಇದು ಅಲಂಕಾರಕ್ಕಲ್ಲ, ಕಡ್ಡಾಯ. ನಮ್ಮ ಮುಂಬಯಿ ಮನೆಗಳಲ್ಲಿ ಟಿವಿ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಕನ್ಸೋಲ್ ತುರುಕಿರುತ್ತೇವೆ. ಮೇ ತಿಂಗಳ ಸೆಕೆ ಬೇರೆ. ಬಿಸಿಯಾದರೆ ಎಸ್‌ಎಸ್‌ಡಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅಂದರೆ 7000ಕ್ಕೆ ದುಡ್ಡು ಕೊಟ್ಟವನಿಗೆ ಅದೂ ಸಿಗುವುದಿಲ್ಲ. ಆದರೆ ಕಂಪ್ಯೂಟರ್‌ಗೆ ಬರುವ ಎತ್ತರದ ಹೀಟ್‌ಸಿಂಕ್ ಇಲ್ಲಿ ಹಿಡಿಸುವುದಿಲ್ಲ. ಹೀಟ್‌ಸಿಂಕ್ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಅದರಲ್ಲಿ ಬೋರ್ಡಿನ ಮೇಲೆ 8, ಕೆಳಗೆ 2.45. ಅಗಲ 25 ಮಿಲಿಮೀಟರ್ ಒಳಗೆ. ಹೀಟ್‌ಸಿಂಕ್ ಜೋಡಿಸಿಯೇ ಬರುವ ಡ್ರೈವ್ ಸಿಕ್ಕರೆ ತಲೆನೋವಿಲ್ಲ. ಬೇರೆಯಾಗಿ ತಂದರೆ ಥರ್ಮಲ್ ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ಅದನ್ನು ಹಾಗೇ ಬಿಟ್ಟರೆ ಶಾಖ ಮೇಲೆ ಹೋಗುವುದೇ ಇಲ್ಲ.

ಹಾಕುವ ಕೆಲಸ ಕಷ್ಟವಲ್ಲ. ಪ್ಲಗ್ ಕಿತ್ತು, ಕನ್ಸೋಲ್ ತಣ್ಣಗಾದ ಮೇಲೆ ಬದಿಯ ಕವರ್ ಜಾರಿಸಿ ತೆಗೆದರೆ ಸ್ಲಾಟ್ ಕಾಣುತ್ತದೆ. ವಾರಂಟಿ ಹೋಗುತ್ತದೆ ಎಂದು ಹೆದರಬೇಡಿ. ಈ ಸ್ಲಾಟ್ ಗ್ರಾಹಕರಿಗಾಗಿಯೇ ಇಟ್ಟದ್ದು, ಹಾಕುವ ವಿಧಾನವನ್ನೂ ಸೋನಿಯೇ ಹೇಳಿಕೊಟ್ಟಿದೆ. 2021ರ ಸೆಪ್ಟೆಂಬರ್‌ನಿಂದ ಎಲ್ಲರಿಗೂ ಇದು ತೆರೆದಿದೆ.

ಲ್ಯಾಮಿಂಗ್ಟನ್ ರೋಡ್ ಇರಲಿ, ಪುಣೆಯ ತಪಕೀರ್ ಗಲ್ಲಿ ಇರಲಿ, ಸೀಲ್ ಇರುವ ಡಬ್ಬ, ಜಿಎಸ್‌ಟಿ ಬಿಲ್, ಬಿಲ್ಲಿನ ಮೇಲೆ ಸೀರಿಯಲ್ ನಂಬರ್. ಈ ಮೂರು ಇಲ್ಲದೆ ದುಡ್ಡು ಕೊಡಬೇಡಿ. ಒಳ್ಳೆ ಡ್ರೈವ್‌ಗಳಿಗೆ 5 ವರ್ಷದ ವಾರಂಟಿ ಇರುತ್ತದೆ. ಬಿಲ್ ಇಲ್ಲದಿದ್ದರೆ ಆ 5 ವರ್ಷ ನಿಮ್ಮದಲ್ಲ. ಡ್ರೈವ್ ಸವೆದುಹೋಗುತ್ತದೆಂಬ ಭಯವೂ ಬೇಡ. 1 ಟಿಬಿ ಡ್ರೈವ್‌ಗೆ ಸಾಮಾನ್ಯವಾಗಿ 600 ಟಿಬಿ ಬರೆಯುವ ತನಕ ಗ್ಯಾರಂಟಿ ಕೊಡುತ್ತಾರೆ. ದಿನಕ್ಕೊಂದು 100 ಜಿಬಿ ಗೇಮ್ ಹಾಕುತ್ತಾ ಹೋದರೂ ಅದು ಮುಗಿಯಲು 16 ವರ್ಷ ಬೇಕು.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಇರುವವರು ಇದ್ಯಾವುದನ್ನೂ ತಗೊಳ್ಳಬೇಡಿ. ಅವಕ್ಕೆ ಹಿಂಬದಿಯಲ್ಲಿ ಸಿಕ್ಕಿಸುವ ಬೇರೆಯೇ ಕಾರ್ಡ್ ಇದೆ. ಸೀಗೇಟ್ ಮತ್ತು ಡಬ್ಲ್ಯೂಡಿ ಮಾರುತ್ತವೆ. ನಿಂಟೆಂಡೊದ ಸ್ವಿಚ್ 2 ಕನ್ಸೋಲ್‌ಗೆ ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಹಳೆ ಸ್ವಿಚ್‌ನ ಕಾರ್ಡಿನಲ್ಲಿ ಗೇಮ್ ಹಾಕಲು ಆಗುವುದಿಲ್ಲ.

ಯಾರೂ ನೇರವಾಗಿ ಕೇಳದ ಒಂದು ವಿಷಯ ಉಳಿದಿದೆ. ಕೇಳುವುದಿಲ್ಲ, ಮಾಡಿಬಿಟ್ಟು ಆಮೇಲೆ ಫೋನ್ ಮಾಡುತ್ತಾರೆ. ರಜೆಯಲ್ಲಿ ಊರಿಗೆ ಹೊರಟಾಗ ಈ ಎಸ್‌ಎಸ್‌ಡಿ ಬಿಚ್ಚಿಕೊಂಡು ಹೋಗಿ, ಉಡುಪಿಯಲ್ಲೋ ಮಂಗಳೂರಿನಲ್ಲೋ ಇರುವ ಭಾವನ ಮನೆಯ ಪಿಎಸ್ 5ಗೆ ಹಾಕಬಹುದಾ? ಹಾಕಬಹುದು, ಆದರೆ ಅದು ಮೊದಲು ಫಾರ್ಮ್ಯಾಟ್ ಕೇಳುತ್ತದೆ. ಒಪ್ಪಿದರೆ ಗೇಮ್‌ಗಳೆಲ್ಲ ಅಳಿಸಿಹೋಗುತ್ತವೆ. ವಾಪಸ್ ಬಂದು ನಿಮ್ಮದಕ್ಕೆ ಹಾಕಿದರೆ ಮತ್ತೆ ಫಾರ್ಮ್ಯಾಟ್. ಎಂ.2 ಡ್ರೈವ್ ಒಂದು ಕನ್ಸೋಲ್‌ಗೆ ಗಂಟು ಬಿದ್ದ ಹಾಗೆ. ಆಡಿ ಗಳಿಸಿದ ಸೇವ್‌ಗಳದು ಬೇರೆ ಕಥೆ. ಪಿಎಸ್ 5 ಗೇಮ್‌ಗಳ ಸೇವನ್ನು ಯುಎಸ್‌ಬಿಗೆ ನಕಲು ಮಾಡಲು ಆಗುವುದೇ ಇಲ್ಲ. ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೆ ಹೋಗುತ್ತದೆ. ಊರಿನಲ್ಲಿ ನಿಮ್ಮ ಅಕೌಂಟ್‌ನಿಂದ ಲಾಗಿನ್ ಆಗಿ ಇಳಿಸಿಕೊಳ್ಳಬಹುದು. ಹೊರಡುವ ಮುನ್ನ ಕ್ಲೌಡ್‌ಗೆ ಹೋಗಿದೆಯಾ ಎಂದು ನೋಡಿಕೊಳ್ಳಿ.

ಹಾಗೆಯೇ, ಮನೆಯಲ್ಲಿ ಬಿದ್ದಿರುವ ಹಳೆ ಯುಎಸ್‌ಬಿ ಹಾರ್ಡ್ ಡಿಸ್ಕನ್ನು ಎಸೆಯಬೇಡಿ. ಯುಎಸ್‌ಬಿ 3.0 ಆಗಿದ್ದು 250 ಜಿಬಿಗಿಂತ ದೊಡ್ಡದಿದ್ದರೆ ಸಾಕು. ಅದರಿಂದ ಪಿಎಸ್ 4 ಗೇಮ್ ನೇರವಾಗಿ ಆಡಬಹುದು. ಪಿಎಸ್ 5 ಗೇಮ್ ಆಡಲು ಆಗುವುದಿಲ್ಲ, ಇಟ್ಟುಕೊಳ್ಳಬಹುದು. ಅಷ್ಟೇ ದೊಡ್ಡ ಉಪಕಾರ. 100 ಜಿಬಿ ಗೇಮನ್ನು 40 ಎಂಬಿಪಿಎಸ್ ಲೈನಿನಲ್ಲಿ ಮತ್ತೆ ಇಳಿಸಲು ಐದೂವರೆ ಗಂಟೆ ಬೇಕು. ಡಿಸ್ಕ್‌ನಿಂದ ಸೆಕೆಂಡಿಗೆ 100 ಎಂಬಿಯಂತೆ ನಕಲು ಮಾಡಿದರೆ ಕಾಲು ಗಂಟೆ ಚಿಲ್ಲರೆ. ನೆಟ್ ಸರಿಯಿಲ್ಲದ ಕಟ್ಟಡಗಳಲ್ಲಿ ಇರುವವರು ಎರಡನೆಯ ಎಸ್‌ಎಸ್‌ಡಿಯ ಯೋಚನೆ ಮಾಡುವ ಮೊದಲು ಇದನ್ನೇ ಮಾಡಿ. ಡಿಸ್ಕನ್ನು ಯುಎಸ್‌ಬಿ ಹಬ್ ಮೂಲಕ ಹಾಕಬೇಡಿ, ನೇರವಾಗಿ ಕನ್ಸೋಲ್‌ಗೆ ಸಿಕ್ಕಿಸಿ. ಪಿಎಸ್ 5 ಅದನ್ನೂ ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡುತ್ತದೆ. ಅಕ್ಕನ ಮದುವೆ ಫೋಟೊ ಅದರಲ್ಲಿದ್ದರೆ ಮೊದಲು ಬೇರೆ ಕಡೆ ತೆಗೆದಿಟ್ಟುಕೊಳ್ಳಿ.