ಬಿಸಿಲಿಗೆ ಜಾರುವ ಆವರ್ತನ

ಏಪ್ರಿಲ್ ಮೊದಲ ವಾರ ಕೊಪ್ಪಳ ಕಡೆಯ ಹುಡುಗನೊಬ್ಬ ತನ್ನ ಯಾಯೆಸು ಎಫ್‌ಟಿ-817 ಹ್ಯಾಮ್ (ಹವ್ಯಾಸಿ) ರೇಡಿಯೊ ಸೆಟ್ಟನ್ನು ಬಳ್ಳಾರಿಯ ನನ್ನ ಮೇಜಿನ ಮೇಲಿಟ್ಟು, ‘ಸರ್, ಇದಕ್ಕೆ ಟಿಸಿಎಕ್ಸ್‌ಒ ಹಾಕಿಕೊಡಿ’ ಎಂದ. ಟಿಸಿಎಕ್ಸ್‌ಒ ಎಂದರೆ ಬಿಸಿ ಏರಿಳಿದರೂ ಆವರ್ತನ ಜಾರದಂತೆ ತಾನೇ ತಿದ್ದಿಕೊಳ್ಳುವ ಕ್ರಿಸ್ಟಲ್ ಆಂದೋಲಕ. ರೋಗಿಯೇ ಔಷಧದ ಚೀಟಿ ಬರೆದುಕೊಂಡು ಬಂದ ಹಾಗಾಯಿತು. ಕಾಯಿಲೆ ಏನೆಂದು ಕೇಳಿದೆ. 28 ಮೆಗಾಹರ್ಟ್ಸ್‌ನಲ್ಲಿ ವಿಸ್ಪರ್ (WSPR) ಸಂಕೇತ, ಅಂದರೆ ಕಡಿಮೆ ಶಕ್ತಿಯಲ್ಲಿ ಎಷ್ಟು ದೂರ ಮುಟ್ಟುತ್ತದೆಂದು ನೋಡುವ ನಿಧಾನಗತಿಯ ಡಿಜಿಟಲ್ ಸಂಕೇತ, ಕಳಿಸುತ್ತಾನಂತೆ. ಬೆಳಿಗ್ಗೆ ದೂರದೂರದ ಕೇಂದ್ರಗಳಿಗೆ ಸಿಗುತ್ತದೆ. ಮಧ್ಯಾಹ್ನವಾದರೆ ಆ ಕೇಂದ್ರಗಳ ವರದಿಯ ಡ್ರಿಫ್ಟ್ (ನಿಮಿಷಕ್ಕೆ ಎಷ್ಟು ಹರ್ಟ್ಸ್ ಜಾರಿತು ಎಂಬ) ಅಂಕಣದಲ್ಲಿ ಮೈನಸ್ ಮೂರು, ಮೈನಸ್ ನಾಲ್ಕು ಕಾಣಿಸಿ, ಆಮೇಲೆ ವರದಿಯೇ ನಿಂತುಹೋಗುತ್ತದೆ.

ವಿಸ್ಪರ್‌ನ ನಾಲ್ಕೂ ಸ್ವರಗಳು ಸುಮಾರು 6 ಹರ್ಟ್ಸ್ ಜಾಗದಲ್ಲಿ ಕೂರಬೇಕು, ಅದೂ 110 ಸೆಕೆಂಡು ಅಲುಗಾಡದೆ. ಮಾತಿನ ಸಂಪರ್ಕದಲ್ಲಿ ಹತ್ತು ಹರ್ಟ್ಸ್ ಜಾರಿದರೂ ಕಿವಿಗೆ ತಿಳಿಯುವುದಿಲ್ಲ. ಇಲ್ಲಿ ಸಂದೇಶವೇ ಕಲಸಿಹೋಗುತ್ತದೆ.

817ರ ಒಳಗೆ 22.625 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್ ಇದೆ. ಉಳಿದೆಲ್ಲ ಆವರ್ತನಗಳೂ ಅದನ್ನೇ ಹಿಡಿದು ನಡೆಯುತ್ತವೆ. ಮೂಲ ಸೆಟ್ಟಿನ ಸ್ಥಿರತೆ 4 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ನಾಲ್ಕು ಪಾಲು. 28 ಮೆಗಾಹರ್ಟ್ಸ್‌ನಲ್ಲಿ ಅದು 112 ಹರ್ಟ್ಸ್. 435ಕ್ಕೆ ಏರಿದರೆ 1,740. ತಯಾರಕರದೇ ಆದ ಟಿಸಿಎಕ್ಸ್‌ಒ-9 ಫಲಕ ಇದನ್ನು ಅರ್ಧ ಪಿಪಿಎಂಗೆ ಇಳಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ಸೆಟ್ಟು ಸದಾ ಐವತ್ತು ಹರ್ಟ್ಸ್ ತಪ್ಪು ತೋರಿಸಿದರೆ ತಿದ್ದಿಕೊಳ್ಳಬಹುದು. ನಿಮಿಷ ನಿಮಿಷಕ್ಕೂ ಸರಿಯುವುದೇ ತೊಂದರೆ, ಮತ್ತು ಅದರ ಬೇರು ಬಹುತೇಕ ಬಿಸಿಯಲ್ಲಿರುತ್ತದೆ. ಎಟಿ-ಕಟ್ ಎಂಬ ಕೋನದಲ್ಲಿ ಕತ್ತರಿಸಿದ ಸಾಮಾನ್ಯ ಕ್ರಿಸ್ಟಲ್ 25 ಡಿಗ್ರಿಯ ಆಸುಪಾಸಿನಲ್ಲಿ ಶಾಂತವಾಗಿರುತ್ತದೆ. ನಮ್ಮ ಊರಿನ ಕೋಣೆಯಲ್ಲಿ ಏಪ್ರಿಲ್ ತಿಂಗಳ 25 ಡಿಗ್ರಿ ಸಿಗುವುದು ನಸುಕಿನಲ್ಲಿ ಮಾತ್ರ, ಅದೂ ಅದೃಷ್ಟವಿದ್ದರೆ.

ಸೆಟ್ಟು ಮನೆಯಲ್ಲಿ ಎಲ್ಲಿರುತ್ತದೆ ಎಂದು ಕೇಳಿದೆ. ಹುಡುಗ ಮೊಬೈಲ್‌ನಲ್ಲಿ ಚಿತ್ರ ತೋರಿಸಿದ. ತಗಡಿನ ಮಾಡು, ಕಿಟಕಿಯ ಪಕ್ಕದ ಮೇಜು, ಪವರ್ ಸಪ್ಲೈ ಪೆಟ್ಟಿಗೆಯ ನೆತ್ತಿಯ ಮೇಲೆ ಸೆಟ್ಟು. ಕೆಳಗಿನ ಪೆಟ್ಟಿಗೆ ಕಾದಾಗಲೆಲ್ಲ ಅದರ ಫ್ಯಾನು ತಿರುಗಿ ಬಿಸಿಗಾಳಿಯನ್ನು ಸೆಟ್ಟಿನ ಹೊಟ್ಟೆಗೆ ಊದುತ್ತದೆ, ಆಮೇಲೆ ನಿಲ್ಲುತ್ತದೆ. ಕ್ರಿಸ್ಟಲ್‌ಗೆ ಇದಕ್ಕಿಂತ ಹಿಂಸೆ ಇಲ್ಲ. ಸ್ಥಿರವಾದ 40 ಡಿಗ್ರಿಯನ್ನು ಅದು ಸಹಿಸುತ್ತದೆ, ಏರಿಳಿತವನ್ನಲ್ಲ. ಪೆಟ್ಟಿಗೆಯನ್ನು ದೂರವಿಡು, 5 ವ್ಯಾಟ್ ಬದಲು 1 ವ್ಯಾಟ್‌ನಲ್ಲಿ ಕಳಿಸು, ಎರಡು ವಾರ ಬಿಟ್ಟು ಬಾ ಎಂದು ಸೆಟ್ಟನ್ನು ಬಿಚ್ಚದೆಯೇ ಕೊಟ್ಟು ಕಳಿಸಿದೆ.

ಬಿಟ್‌ಎಕ್ಸ್-40 ಎಂಬ, ಕೈಯಾರೆ ಜೋಡಿಸಿಕೊಳ್ಳುವ ಸೆಟ್ಟಿನ ಕಿಟ್‌ನಲ್ಲಿ ಇದೇ ಕಥೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹೈದರಾಬಾದಿನ ಅಷರ್ ಫರ್ಹಾನ್ ಅವರ ಈ ವಿನ್ಯಾಸ ಅಗ್ಗದ ಸೆಟ್ಟಿನ ಆಸೆಯನ್ನು ಎಷ್ಟೋ ಹ್ಯಾಮ್‌ಗಳಿಗೆ ಈಡೇರಿಸಿದೆ. ಅದರ ರಾಡುಯಿನೋ ಫಲಕದಲ್ಲಿ ಆವರ್ತನ ಹುಟ್ಟಿಸುವ ಎಸ್‌ಐ5351 ಚಿಪ್ ಮತ್ತು ಕೈ ಸುಡುವಷ್ಟು ಕಾಯುವ 7805 ವೋಲ್ಟೇಜ್ ರೆಗ್ಯುಲೇಟರ್ ಒಂದೇ ಮನೆಯ ಬಾಡಿಗೆದಾರರು. 7805ಅನ್ನು ವೈರು ಎಳೆದು ಲೋಹದ ಪೆಟ್ಟಿಗೆಯ ಗೋಡೆಗೆ ಬಿಗಿದರೆ ಜಾರುವಿಕೆ ಬಹುಪಾಲು ತಗ್ಗುತ್ತದೆ. ಅದರ ಮೇಲೂ 25 ಮೆಗಾಹರ್ಟ್ಸ್ ಟಿಸಿಎಕ್ಸ್‌ಒ ಬೇಕೆಂದರೆ ಹಳೆಯ ಕ್ರಿಸ್ಟಲ್ ತೆಗೆದು, ಒಂದು ಸಣ್ಣ ಕೆಪಾಸಿಟರ್ ಮೂಲಕ ಚಿಪ್‌ನ ಎಕ್ಸ್‌ಎ ಕಾಲಿಗೆ ಕೊಡಬೇಕು. ಮಟ್ಟ 1 ವೋಲ್ಟ್ ದಾಟಬಾರದು, ಎಕ್ಸ್‌ಬಿ ಖಾಲಿ ಇರಬೇಕು.

ಅಗ್ಗದ ಬಿಡಿಭಾಗದಿಂದ ನಾನೂ ಮೋಸಹೋಗಿದ್ದೇನೆ. ಅರ್ಧ ಪಿಪಿಎಂ ಎಂದು ಮೈಮೇಲೆ ಬರೆದುಕೊಂಡಿದ್ದ ಒಂದು ಟಿಸಿಎಕ್ಸ್‌ಒವನ್ನು ಬೆಸೆದು, ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ 10 ಮೆಗಾಹರ್ಟ್ಸ್‌ನಲ್ಲಿ ನಲವತ್ತು ಹರ್ಟ್ಸ್ ಓಡಿತು. ನಾಲ್ಕು ಪಿಪಿಎಂ! ತೆಗೆದದ್ದಕ್ಕೂ ಹಾಕಿದ್ದಕ್ಕೂ ವ್ಯತ್ಯಾಸವಿರಲಿಲ್ಲ. ಅಂದಿನಿಂದ ಬೆಸೆಯುವ ಮೊದಲೇ ಡ್ರೈಯರ್ ಪರೀಕ್ಷೆ.

ಇನ್ನು ಕೆಲವರು ಬಂದು ಮೆಲ್ಲಗೆ ಕೇಳುವುದು ‘ಸೆಟ್ಟನ್ನು ಪೂರ್ತಿ ತೆರೆದುಕೊಡಿ’ ಎಂದು. ಒಂದು ಡಯೋಡ್ ಅಥವಾ ಬೆಸುಗೆಯ ಚುಕ್ಕಿ ತೆಗೆದರೆ ಹಲವು ಸೆಟ್‌ಗಳು ಹ್ಯಾಮ್ ಪಟ್ಟಿಯ ಹೊರಗೂ ಪ್ರಸಾರ ಮಾಡುತ್ತವೆ. ನಮ್ಮ ಲೈಸೆನ್ಸ್‌ಗೆ ಆ ಜಾಗ ಸೇರಿಲ್ಲ. ನಾನು ಮಾಡಿಕೊಡುವುದಿಲ್ಲ. ಚಹಾ ಕುಡಿಸಿ ಕಳಿಸುತ್ತೇನೆ.

ಎರಡು ವಾರದ ಮೇಲೆ ಹುಡುಗ ಬಂದ. ಡ್ರಿಫ್ಟ್ ಈಗ ಸೊನ್ನೆ ಅಥವಾ ಮೈನಸ್ ಒಂದು. ಆದರೂ 435ರಲ್ಲಿ ಕೆಲಸ ಮಾಡುವ ಆಸೆ ಇದೆ, ಟಿಸಿಎಕ್ಸ್‌ಒ ಬೇಕೇ ಬೇಕು ಎಂದ. ಅದು ಸರಿಯಾದ ಕಾರಣ. ಸೆಟ್ಟಿನ ಮೂಲ ಕ್ರಿಸ್ಟಲ್ ಫಲಕ ಕಿತ್ತು ಹೊಸದನ್ನು ಚುಚ್ಚುವುದು ಐದು ನಿಮಿಷದ ಕೆಲಸ, ಕಾಯುವುದು ಹೆಚ್ಚು. ಮುಚ್ಚಳ ತೆರೆದಿಟ್ಟು ಅಳೆದರೆ ಅಳತೆ ಸುಳ್ಳು, ಹಾಗಾಗಿ ತಿರುಪು ಬಿಗಿದು ಅರ್ಧ ಗಂಟೆ ಸುಮ್ಮನೆ ಬಿಟ್ಟೆವು. ಆಮೇಲೆ ಡಯಲನ್ನು 9.999 ಮೆಗಾಹರ್ಟ್ಸ್‌ಗೆ, ಯುಎಸ್‌ಬಿ (ಮೇಲಿನ ಪಕ್ಕಪಟ್ಟಿ) ವಿಧಾನಕ್ಕೆ ಇಟ್ಟು ಚೀನಾದ ಬಿಪಿಎಂ ಕೇಂದ್ರದ 10 ಮೆಗಾಹರ್ಟ್ಸ್ ಸಮಯಸಂಕೇತ ಹುಡುಕಿದೆವು. ಸರಿಯಾಗಿದ್ದರೆ 1,000 ಹರ್ಟ್ಸ್ ಸ್ವರ ಕೇಳಬೇಕು. ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆ 1,003ಕ್ಕೆ ಬಂದು ನಿಂತಿತು, ಅಂದರೆ 0.3 ಪಿಪಿಎಂ. ಸಂಕೇತವನ್ನು ಬಾಗಿಸಿ ತರುವ ಮೇಲಿನ ಅಯಾನುಗೋಳ ಒಂದೆರಡು ಹರ್ಟ್ಸ್ ಆಡಿಸುವುದುಂಟು, ಆದ್ದರಿಂದ ರಾತ್ರಿ ಇನ್ನೊಮ್ಮೆ ನೋಡು ಎಂದು ಹೇಳಿ ಸೆಟ್ಟನ್ನು ಚೀಲಕ್ಕೆ ಹಾಕಿಕೊಟ್ಟೆ.